ಎದುರು ಮನೆ ಸೋಬರ್ ಹೋಮ್ ಆಗಿದೆ, ನಾವೇನು ಮಾಡಬಹುದು?

ಪ್ರಶ್ನೆ: ನಾವಿರುವುದು ಅರಿಝೋನಾದ ಚಾಂಡ್ಲರ್‌ನಲ್ಲಿ. ಕಳೆದ ಬೇಸಿಗೆಯಲ್ಲಿ ಮಾರಾಟವಾದ ಎದುರು ಮನೆಯಲ್ಲಿ ಈಗ ಎಂಟು ಜನ ಗಂಡಸರಿದ್ದಾರೆ. ಬೆಳಗ್ಗೆ ಒಂದು ವ್ಯಾನ್ ಬಂದು ಎಲ್ಲರನ್ನೂ ಕರೆದುಕೊಂಡು ಹೋಗುತ್ತದೆ, ಸಂಜೆ ತಂದು ಬಿಡುತ್ತದೆ. ವಿಚಾರಿಸಿದಾಗ 'ಸೋಬರ್ ಲಿವಿಂಗ್ ಹೋಮ್' ಅಂದರು. ಕುಡಿತ, ಡ್ರಗ್ಸ್ ಬಿಟ್ಟವರು ಇರುವ ಮನೆಯಂತೆ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು ಎರಡು ವಾರದಿಂದ ಕುದಿಯುತ್ತಿದೆ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ಮೂಲಕ ಖಾಲಿ ಮಾಡಿಸಲು ಸಹಿ ಸಂಗ್ರಹ ನಡೆದಿದೆ. ಇಂಥ ಮನೆಗೆ ಲೈಸೆನ್ಸ್ ಬೇಡವೇ? 2023ರಲ್ಲಿ ಇಲ್ಲಿ ಇಂಥ ಮನೆಗಳ ದೊಡ್ಡ ಹಗರಣವಾಯಿತಲ್ಲ, ಇದೂ ಅದೇನಾ? ಇನ್ನೊಂದು ಮಾತು. ಊರಿನಲ್ಲಿ ನನ್ನ ಚಿಕ್ಕಪ್ಪನ ಮಗ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಮೂರು ತಿಂಗಳು ಚೆನ್ನಾಗಿದ್ದು ಮತ್ತೆ ಶುರು ಮಾಡಿಕೊಂಡಿದ್ದಾನೆ. ಕರ್ನಾಟಕದಲ್ಲಿ ಇಂಥ ಮನೆಗಳಿವೆಯೇ?

ಉತ್ತರ:

ಸಹಿ ಹಾಕುವ ಮುಂಚೆಯೇ ಬರೆದಿದ್ದೀರಿ, ಒಳ್ಳೆಯದಾಯಿತು. ಮೊದಲು ನೇರ ಉತ್ತರ. ಎಚ್‌ಒಎ ಆ ಮನೆಯನ್ನು 'ಸೋಬರ್ ಹೋಮ್' ಎಂಬ ಒಂದೇ ಕಾರಣಕ್ಕೆ ಖಾಲಿ ಮಾಡಿಸಲಾರದು. ಲೈಸೆನ್ಸ್ ಬೇಕು, ಅರಿಝೋನಾದಲ್ಲಿ 2019ರ ಜುಲೈನಿಂದ ಅದು ಕಡ್ಡಾಯ. ಹಗರಣದ ಮನೆಯೋ ಅಲ್ಲವೋ ಎಂಬುದನ್ನು ನಾನು ಇಲ್ಲಿಂದ ಹೇಳಲಾರೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎಂಟು ಗಂಡಸರ ಮೇಲಲ್ಲ, ಆ ವ್ಯಾನಿನ ಮೇಲೆ. ಅದು ಎಲ್ಲಿಗೆ ಹೋಗುತ್ತದೆ, ಅದರ ಪೆಟ್ರೋಲಿಗೆ ದುಡ್ಡು ಯಾರದು? ವಾಟ್ಸಾಪ್ ಗುಂಪು ಇದನ್ನು ಕೇಳಿದಂತಿಲ್ಲ.

ಇಂಥ ಮನೆಯೊಂದು ಸರಿಯಾಗಿ ನಡೆದರೆ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೆಟ್ಟದ್ದನ್ನು ಗುರುತಿಸುವುದು ಹೇಗೆ? 1975ರಲ್ಲಿ ವಾಷಿಂಗ್ಟನ್ ನಗರದ ಪಕ್ಕದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಸ್ಥಳೀಯ ಆಡಳಿತ ನಡೆಸುತ್ತಿದ್ದ ಒಂದು ಹಾಫ್‌ವೇ ಹೌಸ್ (ಚಿಕಿತ್ಸೆ ಮುಗಿಸಿದವರು ಮನೆಗೆ ಮರಳುವ ಮುನ್ನ ಇರುವ ತಂಗುಮನೆ) ಮುಚ್ಚುವ ಹಂತಕ್ಕೆ ಬಂತು. ಒಳಗಿದ್ದವರು ಬೀದಿಗೆ ಬೀಳಬೇಕಿತ್ತು. ಅವರಲ್ಲಿ ಪಾಲ್ ಮೊಲ್ಲೊಯ್ ಎಂಬಾತ, ಅಮೆರಿಕದ ಸಂಸತ್ತಿನಲ್ಲಿ ಕೆಲಸ ಮಾಡಿ ಕುಡಿತದಿಂದ ಎಲ್ಲ ಕಳೆದುಕೊಂಡಿದ್ದವರು, ಉಳಿದವರನ್ನು ಸೇರಿಸಿಕೊಂಡು ಅದೇ ಮನೆಯನ್ನು ಬಾಡಿಗೆಗೆ ಹಿಡಿದರು. ಮ್ಯಾನೇಜರ್ ಇಲ್ಲ, ಕೌನ್ಸೆಲರ್ ಇಲ್ಲ. ಬಾಡಿಗೆ, ಅಡುಗೆ, ಕಸ ಎಲ್ಲವೂ ಪಾಲು. ವಾರಕ್ಕೊಂದು ಸಭೆ. ಹೊಸಬರನ್ನು ಸೇರಿಸಿಕೊಳ್ಳಬೇಕಾದರೆ ಮನೆಯವರಲ್ಲಿ ಶೇ. 80ರಷ್ಟು ಜನ ಒಪ್ಪಬೇಕು. ಕುಡಿದವನು ಅವತ್ತೇ ಹೊರಗೆ. ಆಕ್ಸ್‌ಫರ್ಡ್ ಹೌಸ್ ಎಂದು ಹೆಸರಾದ ಈ ಮಾದರಿಯ ಮನೆಗಳು ಈಗ ಮೂರು ಸಾವಿರಕ್ಕೂ ಹೆಚ್ಚಿವೆ.

ಇದು ಕೆಲಸ ಮಾಡುತ್ತದೆಯೇ ಎಂದರೆ, ಮಾಡುತ್ತದೆ. ಇಲಿನಾಯ್ಸ್‌ನಲ್ಲಿ ಚಿಕಿತ್ಸೆ ಮುಗಿಸಿ ಹೊರಬಂದ 150 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಇಂಥ ಮನೆಗಳಿಗೂ ಇನ್ನೊಂದನ್ನು ಮಾಮೂಲಿ ದಾರಿಗೂ ಬಿಟ್ಟು, ಎರಡು ವರ್ಷ ಬೆನ್ನುಹತ್ತಿ ನೋಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ಮತ್ತೆ ಕುಡಿತಕ್ಕೋ ಡ್ರಗ್ಸ್‌ಗೋ ಜಾರಿದವರು ಮಾಮೂಲಿ ಗುಂಪಿನಲ್ಲಿ ಶೇ. 64.8, ಮನೆಗಳಿಗೆ ಹೋದವರಲ್ಲಿ ಶೇ. 31.3. ತಿಂಗಳ ಸಂಪಾದನೆ ಕ್ರಮವಾಗಿ 440 ಮತ್ತು 989 ಡಾಲರ್. ಇದರಲ್ಲಿ ಔಷಧಿಯ ಪಾತ್ರವೇನಿಲ್ಲ ಎಂಬುದನ್ನು ಗಮನಿಸಿ. ಬಿಟ್ಟವನು ಬಿಟ್ಟವರ ಜೊತೆ ಇದ್ದ, ಅಷ್ಟೆ. ಚಿಕಿತ್ಸೆ ಮೂವತ್ತು ದಿನಕ್ಕೆ ಮುಗಿಯುತ್ತದೆ. ಮೂವತ್ತೊಂದನೇ ದಿನ ಮನುಷ್ಯ ಎಲ್ಲಿ ಮಲಗುತ್ತಾನೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ನಿಮ್ಮ ಚಿಕ್ಕಪ್ಪನ ಮಗನ ಕಥೆಯೂ ಇದೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ಕಾನೂನು. ಅಮೆರಿಕದ ನ್ಯಾಯಸಮ್ಮತ ವಸತಿ ಕಾಯ್ದೆಗೆ 1988ರಲ್ಲಿ ಅಂಗವೈಕಲ್ಯವುಳ್ಳವರ ರಕ್ಷಣೆ ಸೇರಿತು. ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರೂ ಅದರೊಳಗೆ ಬರುತ್ತಾರೆ. ಸದ್ಯಕ್ಕೆ ಅಕ್ರಮವಾಗಿ ಡ್ರಗ್ಸ್ ಬಳಸುತ್ತಿರುವವರು ಬರುವುದಿಲ್ಲ. ಈ ಗೆರೆ ಮುಖ್ಯ. ಯಾಕೆಂದರೆ ನಿಮ್ಮ ನೆರೆಯವರ ಭಯವಿರುವುದು ಎರಡನೆಯವರ ಬಗ್ಗೆ, ಸಹಿ ಹಾಕುತ್ತಿರುವುದು ಮೊದಲನೆಯವರ ವಿರುದ್ಧ. ಈ ಕಾಯ್ದೆ ನಗರಸಭೆಗೆ ಅನ್ವಯಿಸುವಂತೆ ಎಚ್‌ಒಎಗೂ ಅನ್ವಯಿಸುತ್ತದೆ. 'ನಮ್ಮ ಬಡಾವಣೆಯ ನಿಯಮದಲ್ಲಿ ಏಕ ಕುಟುಂಬದ ಮನೆ ಎಂದಿದೆ' ಎಂಬ ವಾದ ನಿಮ್ಮ ಗುಂಪಿನಲ್ಲಿ ಖಂಡಿತ ಯಾರಾದರೂ ಹಾಕಿರುತ್ತಾರೆ. ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ಎಂಬ ಊರು ಇದೇ ವಾದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಕ್ತಸಂಬಂಧವಿಲ್ಲದವರು ಐದಕ್ಕಿಂತ ಹೆಚ್ಚಿದ್ದರೆ ಅದು ಕುಟುಂಬವಲ್ಲ ಎಂಬುದು ಆ ಊರಿನ ನಿಯಮ. ಅಲ್ಲಿನ ಆಕ್ಸ್‌ಫರ್ಡ್ ಹೌಸ್‌ನಲ್ಲಿ ಹತ್ತು ಹನ್ನೆರಡು ಜನರಿದ್ದರು. 1995ರಲ್ಲಿ ಕೋರ್ಟು 6–3 ಬಹುಮತದಿಂದ, ಇಂಥ ನಿಯಮಕ್ಕೆ ವಸತಿ ಕಾಯ್ದೆಯಿಂದ ವಿನಾಯಿತಿ ಇಲ್ಲ ಎಂದಿತು. ಒಂದು ಮನೆಯಲ್ಲಿ ಇಷ್ಟು ಚದರಡಿಗೆ ಇಷ್ಟು ಜನ ಎಂದು ಎಲ್ಲರಿಗೂ ಸಮನಾಗಿ ಮಿತಿ ಹಾಕುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ. ಯಾರು ಕುಟುಂಬ, ಯಾರಲ್ಲ ಎಂದು ವಿಂಗಡಿಸುವ ನಿಯಮಕ್ಕೆ ಆ ರಿಯಾಯಿತಿ ಸಿಗುವುದಿಲ್ಲ.

ಹಾಗೆಂದು ಸಹಿ ಸಂಗ್ರಹ ಅಪರಾಧವೇ? ಅಲ್ಲ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ಹಳೆಯ ಮೋಟೆಲ್ ಒಂದನ್ನು ನಿರ್ಗತಿಕರ ವಸತಿ ಮಾಡುವುದನ್ನು ವಿರೋಧಿಸಿದ ಮೂವರು ನೆರೆಯವರ ಮೇಲೆ ಕೇಂದ್ರ ವಸತಿ ಇಲಾಖೆ ತನಿಖೆ ನಡೆಸಿತು. ಅವರು ತಿರುಗಿ ಕೋರ್ಟಿಗೆ ಹೋದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ, ಇದು ಅವರ ವಾಕ್ ಸ್ವಾತಂತ್ರ್ಯದ ಮೇಲಿನ ದಾಳಿ ಎಂದು ಇಲಾಖೆಯ ಅಧಿಕಾರಿಗಳಿಗೇ ಛೀಮಾರಿ ಹಾಕಿತು. ಹಾಗಾಗಿ ನೀವು ಏನು ಬೇಕಾದರೂ ಹೇಳಬಹುದು. ತೊಂದರೆ ಶುರುವಾಗುವುದು ನಿಮ್ಮ ಮಾತು ಕೇಳಿ ಎಚ್‌ಒಎಯೋ ನಗರಸಭೆಯೋ ಕ್ರಮ ಕೈಗೊಂಡಾಗ. ಆಗ ಸಭೆಯ ನಡಾವಳಿ, ಇಮೇಲು, ವಾಟ್ಸಾಪ್ ಸಂದೇಶಗಳೆಲ್ಲ ತಾರತಮ್ಯಕ್ಕೆ ಸಾಕ್ಷಿಗಳಾಗಿ ಮೇಜಿನ ಮೇಲೆ ಬಂದು ಕೂರುತ್ತವೆ. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಆದದ್ದು ಅದೇ. 2008ರಲ್ಲಿ ಆ ಶ್ರೀಮಂತ ಊರು ಒಂದು ನಿಯಮ ತಂದಿತು. ಓದಿದರೆ ಎಲ್ಲ ಗುಂಪು ವಸತಿಗಳಿಗೂ ಅನ್ವಯ. ಒಳಗಿನ ಗುರಿ ಸೋಬರ್ ಹೋಮ್‌ಗಳು. ರಜೆಗೆ ಬಾಡಿಗೆ ಹಿಡಿದು ರಾತ್ರಿಯಿಡೀ ಗಲಾಟೆ ಮಾಡುವವರ ಮನೆಗಳಿಗೆ ಅಷ್ಟು ಬಿಗಿಯಿಲ್ಲ, ಕುಡಿತ ಬಿಟ್ಟವರ ಮನೆಗೆ ಇದೆ! 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿ ತೋರಿಸಿತು. 2015ರಲ್ಲಿ ಊರು ಮೂರು ಸಂಸ್ಥೆಗಳಿಗೆ 52.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ವಕೀಲರಿಗೆ ಸುರಿದದ್ದು ಬೇರೆ. ನಿಮ್ಮ ಎಚ್‌ಒಎ ಖಜಾಂಚಿಗೆ ಈ ಒಂದು ಸಂಖ್ಯೆ ಹೇಳಿ ನೋಡಿ.

ಪಕ್ಕದ ಕೋಸ್ಟಾ ಮೆಸಾ ಇನ್ನೊಂದು ದಾರಿ ಹಿಡಿಯಿತು. ಪರವಾನಗಿ ಬೇಕು, ಒಂದು ಮನೆಗೂ ಇನ್ನೊಂದಕ್ಕೂ 650 ಅಡಿ ಅಂತರ ಬೇಕು ಎಂದಿತು. ಅದೂ ವರ್ಷಗಟ್ಟಲೆ ಕೋರ್ಟಿನಲ್ಲಿ ಅಲೆಯಿತು. ಅಂತರದ ನಿಯಮದ ಹಿಂದೆ ಒಂದು ನ್ಯಾಯವಿದೆ, ಒಪ್ಪುತ್ತೇನೆ. ಒಂದೇ ಬೀದಿಯಲ್ಲಿ ಆರು ಸೋಬರ್ ಹೋಮ್ ತುಂಬಿದರೆ ಅದು ಬಡಾವಣೆಯಾಗಿ ಉಳಿಯದೆ ಆಸ್ಪತ್ರೆಯ ವಠಾರವಾಗುತ್ತದೆ, ಒಳಗಿರುವವರಿಗೂ 'ಸಾಮಾನ್ಯ ಜನರ ನಡುವೆ ಬದುಕು' ಎಂಬ ಲಾಭ ತಪ್ಪುತ್ತದೆ. ಆದರೆ ಅಳತೆ ಟೇಪು ಹಿಡಿದು ಹೊರಟ ಯಾವ ನಿಯಮವೂ ಮನೆಯ ಒಳಗೆ ಏನು ನಡೆಯುತ್ತಿದೆ ಎಂದು ನೋಡುವುದಿಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ 650 ಅಡಿ ಅಂತರ ಸರಿಯಾಗಿ ಪಾಲಿಸಿದ ಮನೆಯ ಬಚ್ಚಲಿನಲ್ಲೂ ಓವರ್‌ಡೋಸ್ ಆಗಿ ಬೀಳಬಹುದು.

ಒಳಗೆ ಏನು ನಡೆಯುತ್ತದೆ ಎಂಬುದನ್ನು ದೇಶಕ್ಕೆ ತೋರಿಸಿದ್ದು ದಕ್ಷಿಣ ಫ್ಲೋರಿಡಾ. 2008ರ ಕಾನೂನೊಂದು, ವಿಮೆ ಕಂಪನಿಗಳು ದೇಹದ ಕಾಯಿಲೆಗೆ ಕೊಟ್ಟಷ್ಟೇ ಸೌಲಭ್ಯವನ್ನು ಮಾನಸಿಕ ಕಾಯಿಲೆಗೂ ವ್ಯಸನಕ್ಕೂ ಕೊಡಬೇಕು ಎಂದಿತು. 2010ರ ಕಾನೂನು, ಮಕ್ಕಳು 26 ವರ್ಷದವರೆಗೆ ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು ಎಂದಿತು. ಎರಡೂ ಒಳ್ಳೆಯ ಕಾನೂನುಗಳೇ. ಆದರೆ ಹೆರಾಯಿನ್ ಚಟದ ಇಪ್ಪತ್ತೆರಡರ ಹುಡುಗನೊಬ್ಬ ಈಗ ನಡೆದಾಡುವ ಚೆಕ್ ಬುಕ್ ಆದ. ಸೋಬರ್ ಹೋಮ್ ತಾನಾಗಿ ವಿಮೆಗೆ ಬಿಲ್ ಹಾಕುವಂತಿಲ್ಲ, ಅದು ಬರೀ ಮಲಗುವ ಜಾಗ. ಹೊರರೋಗಿ ಚಿಕಿತ್ಸೆಯ ಕ್ಲಿನಿಕ್ ಹಾಕಬಹುದು. ಹಾಗಾಗಿ ಕ್ಲಿನಿಕ್ಕು ಮನೆ ಮಾಲೀಕನಿಗೆ ತಲೆಗಿಷ್ಟು ಎಂದು ಕೊಡುತ್ತದೆ. ಮನೆಯವನು ಹುಡುಗನಿಗೆ 'ಬಾಡಿಗೆ ಬೇಡ, ಫೋನು ಕೊಡಿಸುತ್ತೇನೆ, ಇದೇ ಕ್ಲಿನಿಕ್ಕಿಗೆ ಹೋಗು' ಎನ್ನುತ್ತಾನೆ. ಕ್ಲಿನಿಕ್ಕು ವಾರಕ್ಕೆ ಹಲವು ಸಲ ಮೂತ್ರ ಪರೀಕ್ಷೆ ಮಾಡಿಸಿ ಸಾವಿರಾರು ಡಾಲರ್ ಬಿಲ್ ಎತ್ತುತ್ತದೆ. ಆ ದಂಧೆಯಲ್ಲಿ ಮೂತ್ರಕ್ಕೆ 'ದ್ರವ ಚಿನ್ನ' ಎಂದೇ ಹೆಸರಿತ್ತು. ವಿಮೆಯ ಅವಧಿ ಮುಗಿಯುತ್ತಾ ಬಂದಾಗ ಹುಡುಗ ಮತ್ತೆ ಜಾರಿದರೆ ಲೆಕ್ಕ ಮೊದಲಿನಿಂದ ಶುರು. ಅಂದರೆ ಅವನು ಜಾರುವುದರಲ್ಲೇ ಲಾಭ. ಕೈಗೆ ಮಾಲು ಕೊಟ್ಟು ಜಾರಿಸಿದವರೂ ಇದ್ದರು. ಇಂಥವರನ್ನು ಹಿಡಿದು ತರುವ ದಲ್ಲಾಳಿಗೆ 'ಬಾಡಿ ಬ್ರೋಕರ್', ಈ ಚಕ್ರಕ್ಕೆ 'ಫ್ಲೋರಿಡಾ ಶಫಲ್'. ಪಾಮ್ ಬೀಚ್ ಕೌಂಟಿಯಲ್ಲಿ ಇಂಥ ಮನೆಗಳನ್ನು ನಡೆಸಿದ ಒಬ್ಬನಿಗೆ 2017ರಲ್ಲಿ 27 ವರ್ಷಕ್ಕೂ ಮೀರಿದ ಜೈಲಾಯಿತು.

ಫ್ಲೋರಿಡಾ ಇದಕ್ಕೆ ಕಂಡುಕೊಂಡ ಮದ್ದು ನನಗೆ ಇವತ್ತಿಗೂ ಜಾಣತನದ್ದು ಅನಿಸುತ್ತದೆ. ಮನೆಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿದರೆ ವಸತಿ ಕಾಯ್ದೆಯ ಜೊತೆ ಡಿಕ್ಕಿಯಾಗಬಹುದೆಂಬ ಅಳುಕು. ಹಾಗಾಗಿ ಪ್ರಮಾಣಪತ್ರವನ್ನು ಐಚ್ಛಿಕ ಮಾಡಿ, 2016ರ ಜುಲೈನಿಂದ ಲೈಸೆನ್ಸ್ ಇರುವ ಚಿಕಿತ್ಸಾ ಕೇಂದ್ರ ಯಾವುದೂ ಪ್ರಮಾಣಪತ್ರವಿಲ್ಲದ ಮನೆಗೆ ರೋಗಿಗಳನ್ನು ಕಳಿಸಕೂಡದು ಎಂದಿತು. ಮನೆಯ ಬಾಗಿಲಿಗೆ ಬೀಗ ಹಾಕುವ ಬದಲು ಬಾಗಿಲಿಗೆ ಬರುವ ನಲ್ಲಿಯನ್ನು ತಿರುಗಿಸಿದ ಹಾಗೆ. ಮ್ಯಾಸಚೂಸೆಟ್ಸ್ ಕೂಡ ಇದೇ ಜಾಡಿನಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರವೂ, ಚಿಕಿತ್ಸಾ ಕೇಂದ್ರ, ಸೋಬರ್ ಹೋಮ್, ಲ್ಯಾಬುಗಳ ನಡುವೆ ರೋಗಿಗಳಿಗಾಗಿ ಕಮಿಷನ್ ಕೊಡುವುದನ್ನು ಹತ್ತು ವರ್ಷದವರೆಗೆ ಜೈಲು, ಎರಡು ಲಕ್ಷ ಡಾಲರ್‌ವರೆಗೆ ದಂಡದ ಅಪರಾಧ ಮಾಡಿತು.

ಇನ್ನು ನಿಮ್ಮ ಅರಿಝೋನಾ. ಇಲ್ಲಿ 2018ರಲ್ಲಿ ಕಡ್ಡಾಯ ಲೈಸೆನ್ಸಿನ ಕಾನೂನು ಬಂತು, ಆರೋಗ್ಯ ಇಲಾಖೆಯ ಕೈಗೆ. ಮನೆಯಲ್ಲಿ ಮದ್ಯ, ಡ್ರಗ್ಸ್ ಇರಕೂಡದು, ಉಸ್ತುವಾರಿ ಬೇಕು, ಸುತ್ತಲಿನವರ ಸುರಕ್ಷತೆಗೂ ಲಿಖಿತ ನೀತಿ ಬೇಕು. ಕೊಡಬಾರದ್ದು ಎಂದರೆ ಚಿಕಿತ್ಸೆ: ಬಿಟ್ಟಿದ್ದಾರೆಯೇ ಎಂದು ಪರೀಕ್ಷಿಸುವುದನ್ನು ಬಿಟ್ಟು ಮನೆಯೊಳಗೆ ವೈದ್ಯಕೀಯ ಸೇವೆ ಯಾವುದೂ ಇರುವಂತಿಲ್ಲ. ವಿಚಿತ್ರವೆಂದರೆ ಇದೇ ಕಾನೂನು ಮನೆಯ ವಿಳಾಸವನ್ನು ಸಾರ್ವಜನಿಕರಿಂದ ಮುಚ್ಚಿಟ್ಟಿತು. ಇಲಾಖೆಯ ಪಟ್ಟಿಯಲ್ಲಿ ಹೆಸರು, ಫೋನ್ ನಂಬರ್ ಸಿಗುತ್ತದೆ. ವಿಳಾಸ ಸ್ಥಳೀಯ ಆಡಳಿತ, ಪೊಲೀಸು, ತುರ್ತು ಸೇವೆಯವರಿಗೆ ಮಾತ್ರ. ಒಳಗಿರುವವರ ಗುಟ್ಟು ಕಾಯಲು ಹೀಗೆ ಬರೆದರು, ಕಾರಣ ಸರಿಯಾದದ್ದೇ. ಆದರೆ ನಿಮ್ಮಂಥವರಿಗೆ ಎದುರು ಮನೆಗೆ ಲೈಸೆನ್ಸ್ ಇದೆಯೇ ಎಂದು ಕೂತಲ್ಲಿ ನೋಡಲಾಗದ ಪರಿಸ್ಥಿತಿಯೂ ಅದರಿಂದಲೇ ಬಂತು.

ಕಾನೂನು ಇದ್ದೂ ಹಗರಣವಾದದ್ದು ಹೇಗೆ? ದುಡ್ಡು ಬೇರೆ ಬಾಗಿಲಿನಿಂದ ಬಂತು. ಬಡವರಿಗಾಗಿ ರಾಜ್ಯ ನಡೆಸುವ ಆರೋಗ್ಯ ವಿಮೆಯಲ್ಲಿ ಮೂಲನಿವಾಸಿ ಅಮೆರಿಕನ್ನರಿಗೆ ಪ್ರತ್ಯೇಕ ಯೋಜನೆಯಿದೆ. ಅದರಲ್ಲಿ ಕೆಲವು ಹೊರರೋಗಿ ಸೇವೆಗಳಿಗೆ ದರ ನಿಗದಿಯಾಗಿರಲಿಲ್ಲ; ಕ್ಲಿನಿಕ್ಕು ಎಷ್ಟು ಬಿಲ್ ಹಾಕಿತೋ ಅದರ ಇಷ್ಟು ಶೇಕಡಾ ಎಂದು ಪಾವತಿ. ಇದು ಗೊತ್ತಾದ ಮೇಲೆ ಕೇಳಬೇಕೆ? ವ್ಯಾನುಗಳು ನವಾಹೊ ಎಂಬ ಮೂಲನಿವಾಸಿ ಬುಡಕಟ್ಟಿನ ಸೀಮೆಗೆ, ನ್ಯೂ ಮೆಕ್ಸಿಕೋಗೆ, ದೂರದ ಮೊಂಟಾನಾಕ್ಕೂ ಹೋದವು. ಅಂಗಡಿ ಮುಂದೆ, ಬಸ್ ನಿಲ್ದಾಣದಲ್ಲಿ ಸಿಕ್ಕವರಿಗೆ ಊಟ, ಹಾಸಿಗೆ ಎಂದು ಪುಸಲಾಯಿಸಿ ಅರಿಝೋನಾದ ರಾಜಧಾನಿ ಫೀನಿಕ್ಸ್‌ಗೆ ತಂದು ಮನೆಗಳಲ್ಲಿ ತುಂಬಿದರು. ಕೆಲವು ಮನೆಗಳಲ್ಲಿ ಕುಡಿಯಲು ಅವರೇ ಕೊಡುತ್ತಿದ್ದರು. ಅಂಥ ಮನೆಗಳಲ್ಲಿ ಜನ ಸತ್ತರು, ಕುಟುಂಬದವರಿಗೆ ಸುಳಿವೂ ಸಿಗದೆ ಕಾಣೆಯಾದರು. 2023ರ ಮೇ 16ರಂದು ಗವರ್ನರ್ ಕೇಟಿ ಹಾಬ್ಸ್, ಅಟಾರ್ನಿ ಜನರಲ್ ಕ್ರಿಸ್ ಮೇಯ್ಸ್ ಬುಡಕಟ್ಟು ನಾಯಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ಲಿನಿಕ್ಕುಗಳ ಪಾವತಿ ತಡೆಹಿಡಿದ ಸುದ್ದಿ ಹೇಳಿದರು. ಸೋರಿಹೋದ ಹಣ 250 ಕೋಟಿ ಡಾಲರ್‌ವರೆಗೂ ಇರಬಹುದೆಂದು ರಾಜ್ಯವೇ ಅಂದಾಜಿಸಿತು.

ಆಮೇಲೆ ನಡೆದದ್ದರ ಬಗ್ಗೆ ಕಡಿಮೆ ಮಾತಾಗಿದೆ. ಪಾವತಿ ನಿಂತ ಮೇಲೆ ಹಲವು ಮನೆಗಳವರು ಬಾಗಿಲು ಹಾಕಿದರು. ಊರಿನ ದಾರಿ ಗೊತ್ತಿಲ್ಲದ, ಜೇಬಿನಲ್ಲಿ ಬಿಡಿಗಾಸಿಲ್ಲದ ಸಾವಿರಾರು ಜನ ಫೀನಿಕ್ಸ್ ಬಿಸಿಲಿನಲ್ಲಿ ಬೀದಿಗೆ ಬಿದ್ದರು. ರಾಜ್ಯ ಹೋಟೆಲ್ ಕೋಣೆ ಹಿಡಿಯಬೇಕಾಯಿತು, 211 ಸಹಾಯವಾಣಿಗೆ ಕರೆ ಮಾಡಿ 7 ಒತ್ತಿ ಎಂದು ಸಾರಬೇಕಾಯಿತು, ನವಾಹೊ ನೇಷನ್ ತನ್ನ ಜನರನ್ನು ಹುಡುಕಿ ತರಲು 'ಆಪರೇಷನ್ ರೇನ್‌ಬೋ ಬ್ರಿಜ್' ಎಂಬ ಕಾರ್ಯಾಚರಣೆಯನ್ನೇ ಶುರು ಮಾಡಿತು. ಕೆಟ್ಟ ಮನೆಯನ್ನು ಮುಚ್ಚಿಸುವ ಅಧಿಕಾರ ಸರ್ಕಾರದ ಬಳಿ ಇತ್ತು. ಮುಚ್ಚಿಸಿದ ದಿನ ಅಲ್ಲಿದ್ದವರು ಎಲ್ಲಿಗೆ ಹೋಗಬೇಕು ಎಂಬ ಸಿದ್ಧತೆ ಇರಲಿಲ್ಲ. ನಿಮ್ಮ ಸಹಿ ಸಂಗ್ರಹ ಗೆದ್ದರೆ ಆ ಎಂಟು ಜನ ಎಲ್ಲಿ ಹೋಗುತ್ತಾರೆ ಎಂದು ಗುಂಪಿನಲ್ಲಿ ಯಾರಾದರೂ ಕೇಳಿದ್ದಾರೆಯೇ?

ಹಾಗಾದರೆ ನೀವು ಮಾಡಬಹುದಾದದ್ದು. ಮೊದಲು ಹೋಗಿ ಬಾಗಿಲು ತಟ್ಟಿ. ತಮಾಷೆಗೆ ಹೇಳುತ್ತಿಲ್ಲ. ಲೈಸೆನ್ಸ್ ಪಡೆದು ನೆಟ್ಟಗೆ ನಡೆಯುವ ಮನೆಯಲ್ಲಿ ಹೌಸ್ ಮ್ಯಾನೇಜರ್ ಒಬ್ಬರು ಇರುತ್ತಾರೆ, ಹೆಸರು ಹೇಳುತ್ತಾರೆ, ತೊಂದರೆಯಾದರೆ ಕರೆ ಮಾಡಲು ನಂಬರ್ ಕೊಡುತ್ತಾರೆ. ನೆರೆಯವರು ಬಂದರೆ ಅವರಿಗೆ ಖುಷಿಯೇ. ಇಲಾಖೆಯ ಲೈಸೆನ್ಸ್ ಇದೆಯೇ ಎಂದು ನೇರವಾಗಿ ಕೇಳಿ, ಸಂಸ್ಥೆಯ ಹೆಸರು ತಿಳಿದುಕೊಂಡು ಪಟ್ಟಿಯಲ್ಲಿ ಹೊಂದಿಸಿ ನೋಡಿ. ಅಲ್ಲಿರುವವರೊಬ್ಬರ ಜೊತೆ ಮಾತಿಗೆ ಸಿಕ್ಕರೆ, ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ. ಊರಿನಲ್ಲಿ ನಾವು ಬಾಡಿಗೆದಾರರನ್ನು ಕೇಳುವುದಿಲ್ಲವೇ, ಹಾಗೆ. ದುಡಿದು ಬಾಡಿಗೆ ಕೊಡುವವರು, ಬೆಳಗ್ಗೆ ಕೆಲಸಕ್ಕೋ ಸಭೆಗೋ ಹೋಗಿ ಬರುವವರು ಇದ್ದರೆ ನೆಮ್ಮದಿಯಾಗಿ ಬಿಟ್ಟುಬಿಡಿ, ವ್ಯಾನು ಬಂದರೂ ಸರಿ. 'ಬಾಡಿಗೆ ಇಲ್ಲ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ, ದಿನಾ ಒಂದೇ ಕ್ಲಿನಿಕ್ಕಿಗೆ ಹೋಗಬೇಕು, ಹೋಗದಿದ್ದರೆ ಮನೆಯಿಲ್ಲ' ಎಂದು ಉತ್ತರ ಬಂದರೆ, ಅಥವಾ ಫೋನು, ಗುರುತಿನ ಚೀಟಿ ಮ್ಯಾನೇಜರ್ ಇಟ್ಟುಕೊಂಡಿದ್ದಾರೆ ಎಂದರೆ, ಆಗ ಅದು ಬೇರೆ ಮನೆ. ಆಗ ದೂರು ಹೋಗಬೇಕಾದದ್ದು ಎಚ್‌ಒಎಗಲ್ಲ. ಲೈಸೆನ್ಸ್ ಇಲ್ಲದ್ದಕ್ಕೆ ಆರೋಗ್ಯ ಇಲಾಖೆಗೆ, ಬಿಲ್ಲಿನ ವಂಚನೆ ಅನಿಸಿದರೆ ಅಟಾರ್ನಿ ಜನರಲ್ ಕಚೇರಿಗೆ. ದೂರಿನಲ್ಲಿ ಕಂಡದ್ದನ್ನು ಬರೆಯಿರಿ: ತಾರೀಕು, ಹೊತ್ತು, ವ್ಯಾನ್ ನಂಬರ್. 'ಕುಡುಕರು' ಎಂಬ ಪದ ಬಳಸಬೇಡಿ, ಅದರಿಂದ ಗಂಭೀರವಾದ ದೂರೂ ಹಗುರವಾಗುತ್ತದೆ. ಕಾರು ನಿಲ್ಲಿಸುವುದು, ಸದ್ದು, ಕಸದ ಬುಟ್ಟಿ ಇಂಥವು ಎಲ್ಲ ಮನೆಗೂ ಇರುವ ನಿಯಮಗಳು. ಎಲ್ಲರಿಗೂ ಅನ್ವಯಿಸಿದಂತೆ ಅವರಿಗೂ ಅನ್ವಯಿಸಿ, ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನು ನಿಮ್ಮ ಚಿಕ್ಕಪ್ಪನ ಮಗ. ಶಿಬಿರ ಎಂದಿರಿ, ಧರ್ಮಸ್ಥಳದ ಜನಜಾಗೃತಿ ವೇದಿಕೆಯದ್ದೇ ಆಗಿದ್ದರೆ ಅದು ಎಂಟು ದಿನದ್ದು. ಶಿಬಿರ ಮುಗಿಸಿದವರಿಗೆಂದು ಅವರೇ ಊರೂರಲ್ಲಿ 'ನವಜೀವನ ಸಮಿತಿ'ಗಳನ್ನು ಮಾಡಿದ್ದಾರೆ. ಕುಡಿತ ಬಿಟ್ಟವರು ಸೇರಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ಗುಂಪು ಅದು. ಸೋಬರ್ ಹೋಮ್‌ಗೆ ನಮ್ಮಲ್ಲಿ ತೀರಾ ಹತ್ತಿರವಾದದ್ದು ಅದೇ ಎನ್ನಬಹುದು, ಸೂರು ಒಂದಿಲ್ಲ ಅಷ್ಟೆ. ಅವನು ಆ ಸಮಿತಿಗೆ ಹೋಗುತ್ತಿದ್ದನೇ ಎಂದು ಮೊದಲು ವಿಚಾರಿಸಿ. ಮತ್ತೆ ಜಾರಿದ್ದಾನೆ ಎಂದು ಶಿಬಿರ ವ್ಯರ್ಥವಾಯಿತು ಎಂದುಕೊಳ್ಳಬೇಡಿ. ವ್ಯಸನದಲ್ಲಿ ಜಾರುವುದು ಕಾಯಿಲೆಯ ಭಾಗ. ಬೆಂಗಳೂರಿಗೆ ಬರುವಂತಿದ್ದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ.

ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಮಾತ್ರ ಹುಷಾರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಅಂದರೆ ಇಂಥವರನ್ನು ಇಟ್ಟುಕೊಂಡು ಆರೈಕೆ ಮಾಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಲೇಬೇಕು. ಸರ್ಕಾರವೇ ಹಾಫ್‌ವೇ ಹೋಮ್‌ಗಳನ್ನು, ಗುಂಪು ಮನೆಗಳನ್ನು ಒದಗಿಸಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಕಾಗದದಲ್ಲಿರುವಷ್ಟು ನೆಲದ ಮೇಲಿಲ್ಲ. ತಾನಾಗಿ ಒಪ್ಪಿ ಸೇರಿದವನಿಗೆ ತಾನಾಗಿ ಹೊರಡುವ ಹಕ್ಕೂ ಇದೆ. ಹೊಡೆತ, ಸರಪಳಿಯ ಸುದ್ದಿಗಳು ಆಗಾಗ ಬರುವುದು ನೋಂದಣಿಯನ್ನೂ ಈ ಹಕ್ಕನ್ನೂ ಲೆಕ್ಕಿಸದ ಕೇಂದ್ರಗಳಿಂದ. ಚಿಕ್ಕಪ್ಪನಿಗೆ ಫೋನ್ ಮಾಡಿ ಮೂರು ವಿಷಯ ಹೇಳಿ: ನೋಂದಣಿ ಸಂಖ್ಯೆ ಕೇಳಲಿ, ಮಲಗುವ ಕೋಣೆ ಕಣ್ಣಾರೆ ನೋಡಲಿ, ಮಗನ ಜೊತೆ ವಾರಕ್ಕೊಮ್ಮೆ ಯಾರೂ ಪಕ್ಕದಲ್ಲಿ ನಿಲ್ಲದೆ ಮಾತಾಡಲು ಬಿಡುತ್ತಾರೆಯೇ ಎಂದು ಕೇಳಲಿ. ಮೂರನೆಯದಕ್ಕೆ ಅವರು ತಡವರಿಸಿದರೆ ಮುಂಗಡ ಕೊಡದೆ ಎದ್ದು ಬರಲಿ.